ಅಪ್ಪನಿಗೆ ಆಯಸ್ಸು ಹೆಚ್ಚಿಸುವ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪನಿಗೆ 71 ವರ್ಷ, ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಹತ್ತು ವರ್ಷದಿಂದ ಶುಗರ್, ಬಿಪಿ ಇದೆ. ಶುಗರಿಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿರುವ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಅಮ್ಲೋಡಿಪಿನ್. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣ ವಯಸ್ಸಾಗೋದನ್ನು ನಿಧಾನ ಮಾಡುತ್ತೆ ಅಂತ ಎನ್‌ಎಂಎನ್ ಮಾತ್ರೆಯ ಎರಡು ಡಬ್ಬಿ ಕಳಿಸಿದ್ದಾನೆ. ಮುಂದೆ ರಾಪಾಮೈಸಿನ್ ಕೂಡ ಶುರು ಮಾಡೋಣ ಅಂತಿದ್ದಾನೆ. ಅಪ್ಪನೋ, ಕಡಿಮೆ ತಿಂದರೆ ಹೆಚ್ಚು ದಿನ ಬದುಕಬಹುದು ಅಂತ ಓದಿ ಆರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾರೆ. ಒಂದು ಲೋಟ ಹಾಲು, ಎರಡು ಬಿಸ್ಕತ್ತು, ಅಷ್ಟೇ. ತೂಕ 62ರಿಂದ 58ಕ್ಕೆ ಬಂದಿದೆ. ದಿನಾ 40 ನಿಮಿಷ ವಾಕಿಂಗ್ ಮಾಡುತ್ತಾರೆ. ಈ ಮಾತ್ರೆಗಳನ್ನು ಕೊಡಬಹುದಾ? ಮತ್ತೆಲ್ಲಾ ಚೆನ್ನಾಗಿದ್ದಾರೆ, ಪೂಜೆಗೆ ಕೂತವರು ಏಳುವಾಗ ಮಾತ್ರ ಗೋಡೆ ಹಿಡಿದುಕೊಳ್ಳಬೇಕು.

ಉತ್ತರ: ಮಾತ್ರೆಗಳ ವಿಷಯ ಆಮೇಲೆ. ಮೊದಲು ಇವತ್ತು ರಾತ್ರಿಯ ಮಾತು.

ನಿಮ್ಮ ತಂದೆಯವರು ರಾತ್ರಿ ಊಟ ಬಿಟ್ಟಿದ್ದಾರೆ. ರಾತ್ರಿಯ ಶುಗರ್ ಮಾತ್ರೆ ಬಿಟ್ಟಿಲ್ಲ. ಇದು ಅಪಾಯ. ಗ್ಲಿಮೆಪಿರೈಡ್ ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಅಂತ ನೋಡುವುದಿಲ್ಲ. ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಹಾಲು, ಎರಡು ಬಿಸ್ಕತ್ತಿನ ಬಲ ಮಧ್ಯರಾತ್ರಿಗೆ ಮುಗಿದು ಹೋಗುತ್ತದೆ. ಬೆಳಗಿನ ಜಾವ ಶುಗರ್ 60ರ ಕೆಳಗೆ ಇಳಿದರೆ ಬೆವರು, ನಡುಕ, ತಲೆ ಗಲಿಬಿಲಿ. ಆ ಹೊತ್ತಿಗೆ ಬಚ್ಚಲಿಗೆ ಅಂತ ಎದ್ದರೆ ಬೀಳುತ್ತಾರೆ. ಆದ್ದರಿಂದ ಇವತ್ತೇ ರಾತ್ರಿ ಊಟ ಶುರು ಮಾಡಿಸಿ. ನಾಳೆ ಬೆಳಿಗ್ಗೆ ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಮಾಡಿ, ಆರು ತಿಂಗಳಿಂದ ಹೀಗೆ ನಡೆದಿದೆ, ನಾಲ್ಕು ಕೆಜಿ ಇಳಿದಿದೆ ಅಂತ ಹೇಳಿ. ಡೋಸ್ ಬದಲಿಸುವುದು ಅವರಿಗೆ ಬಿಡಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಇನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಎನ್‌ಎಂಎನ್ ಡಬ್ಬಿ ಹಾಗೇ ಇರಲಿ. ರಾಪಾಮೈಸಿನ್ ಬೇಡ. ಬರೀ "ಬೇಡ" ಅಂದರೆ ನಿಮ್ಮ ಅಣ್ಣ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವರು ಓದಿರುವುದು ಸುಳ್ಳಲ್ಲ. ಅದರಲ್ಲೂ ರಾಪಾಮೈಸಿನ್ ಹಿಂದೆ ಒಳ್ಳೆಯ ವಿಜ್ಞಾನವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಾನು ಯಾಕೆ ಬೇಡ ಅನ್ನುತ್ತೇನೆ ಅಂತ ಗೊತ್ತಾಗುತ್ತದೆ.

1964ರಲ್ಲಿ ಕೆನಡಾದಿಂದ ಒಂದು ವೈದ್ಯಕೀಯ ತಂಡ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋಯಿತು. ಅಲ್ಲಿನ ಜನ ತಮ್ಮ ನೆಲವನ್ನು ರಾಪಾ ನುಯಿ ಅನ್ನುತ್ತಾರೆ. ಆ ತಂಡ ಬೇರೆ ಬೇರೆ ಕಡೆಯಿಂದ ಮಣ್ಣು ತುಂಬಿಕೊಂಡು ಬಂತು. ಆ ಮಣ್ಣು ಮಾಂಟ್ರಿಯಲ್ಲಿನ ಏಯರ್ಸ್ಟ್ ಕಂಪನಿಯ ಲ್ಯಾಬಿಗೆ ಸೇರಿತು. ಅಲ್ಲಿದ್ದವರು ಸುರೇಂದ್ರನಾಥ ಸೆಹಗಲ್. ನಮ್ಮ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಓದಿದವರು. ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಅವರ ತಂಡ ಹೊಸ ವಸ್ತುವೊಂದನ್ನು ಬೇರ್ಪಡಿಸಿತು. ದ್ವೀಪದ ಹೆಸರೇ ಔಷಧಕ್ಕೂ ಬಂತು: ರಾಪಾಮೈಸಿನ್. ಅವರು ಹುಡುಕುತ್ತಿದ್ದದ್ದು ಬೂಷ್ಟು ಕೊಲ್ಲುವ ಔಷಧ. ಸಿಕ್ಕಿದ್ದು ಬೂಷ್ಟನ್ನೂ ಕೊಲ್ಲುತ್ತಿತ್ತು, ದೇಹದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತಿತ್ತು. ಕಂಪನಿಗೆ ಇದರಲ್ಲಿ ಆಸಕ್ತಿ ಹೋಯಿತು. 1980ರ ದಶಕದ ಮೊದಲಲ್ಲಿ ಮಾಂಟ್ರಿಯಲ್ ಲ್ಯಾಬ್ ಮುಚ್ಚುವಾಗ ಸೆಹಗಲ್ ಆ ಬ್ಯಾಕ್ಟೀರಿಯಾ ಬೆಳೆಸಿದ್ದ ಶೀಶೆಗಳನ್ನು ಮನೆಗೆ ಒಯ್ದು ಫ್ರಿಜ್ಜಿನ ಫ್ರೀಜರಿನಲ್ಲಿಟ್ಟರು. ಮನೆಯವರು ತೆಗೆದು ತಿಂದುಬಿಟ್ಟಾರು ಅಂತ ಮೇಲೆ "ತಿನ್ನಬೇಡಿ" ಎಂದು ಚೀಟಿ ಅಂಟಿಸಿದ್ದರು. ಮುಂದೆ ಅದೇ ಔಷಧ 1999ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಬದಲಿ ಮೂತ್ರಪಿಂಡ ಹಾಕಿಸಿಕೊಂಡವರಲ್ಲಿ ದೇಹ ಆ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವುದು ಅದರ ಕೆಲಸ. ಒಬ್ಬ ಮನುಷ್ಯ ಕೈಬಿಡದೆ ಇಟ್ಟುಕೊಂಡದ್ದರಿಂದ ಇವತ್ತು ನಾವು ಇದರ ಮಾತಾಡುತ್ತಿದ್ದೇವೆ. ನನಗೆ ಅವರ ಮೇಲೆ ತುಂಬಾ ಗೌರವ.

ವಯಸ್ಸಿಗೂ ಇದಕ್ಕೂ ಏನು ಸಂಬಂಧ? ನಮ್ಮ ಪ್ರತಿ ಜೀವಕೋಶದಲ್ಲೂ ಒಂದು ಪ್ರೋಟೀನ್ ಇದೆ. ಅದರ ಹೆಸರು ಎಂಟಾರ್. ರಾಪಾಮೈಸಿನ್ ಹೋಗಿ ತಡೆಯುವುದು ಇದನ್ನೇ. ಎಂಟಾರ್ ಕೆಲಸ ಮನೆ ಯಜಮಾನಿಯ ಕೆಲಸದ ಥರ. ಮಳೆ ಚೆನ್ನಾಗಿ ಆಗಿ ಕಣಜ ತುಂಬಿದ ವರ್ಷ ಹೊಸ ಕೋಣೆ ಕಟ್ಟಿಸೋಣ, ಮದುವೆ ಮಾಡೋಣ ಅನ್ನುತ್ತಾಳೆ. ಬರ ಬಿದ್ದ ವರ್ಷ ಹೊಸದೆಲ್ಲಾ ನಿಲ್ಲಿಸಿ, ಅಟ್ಟದ ಮೇಲಿನ ಹಳೆ ಸಾಮಾನು ಇಳಿಸಿ, ಮುರಿದದ್ದನ್ನು ರಿಪೇರಿ ಮಾಡಿ, ಕೆಲಸಕ್ಕೆ ಬಾರದ್ದನ್ನು ಗುಜರಿಗೆ ಹಾಕಿ ದಿನ ದೂಡುತ್ತಾಳೆ. ಜೀವಕೋಶವೂ ಹಾಗೇ. ಆಹಾರ ಹೇರಳವಾಗಿದ್ದರೆ ಬೆಳೆಯುತ್ತದೆ. ಕಡಿಮೆಯಾದರೆ ತನ್ನೊಳಗಿನ ಹಾಳಾದ ಭಾಗಗಳನ್ನು ತಾನೇ ಕರಗಿಸಿ ಮರುಬಳಕೆ ಮಾಡಿಕೊಳ್ಳುತ್ತದೆ. ಈ ಒಳಗಿನ ಸ್ವಚ್ಛತೆ ಹೇಗೆ ನಡೆಯುತ್ತದೆ ಅಂತ ತೋರಿಸಿಕೊಟ್ಟ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ರಾಪಾಮೈಸಿನ್ ಕೊಟ್ಟರೆ, ಕಣಜ ತುಂಬಿದ್ದರೂ ಬರ ಬಂದಿದೆ ಅಂತ ಜೀವಕೋಶ ನಂಬುತ್ತದೆ. ಸ್ವಚ್ಛತೆ ಶುರುವಾಗುತ್ತದೆ.

2009ರಲ್ಲಿ ಅಮೆರಿಕದ ಮೂರು ಲ್ಯಾಬ್‌ಗಳು ಸೇರಿ ಇದನ್ನು ಇಲಿಗಳಲ್ಲಿ ನೋಡಿದವು. ಮೂರೂ ಕಡೆ ಒಂದೇ ಪ್ರಯೋಗ. ಒಂದು ಕಡೆ ಬಂದ ಫಲ ಇನ್ನೊಂದು ಕಡೆ ಬರದಿದ್ದರೆ ನಂಬುವ ಹಾಗಿಲ್ಲ ಅಂತಲೇ ಹೀಗೆ ಏರ್ಪಾಡು. ಮಾತ್ರೆ ಶುರು ಮಾಡಿದ್ದು ಇಲಿಗಳಿಗೆ 600 ದಿನ ತುಂಬಿದ ಮೇಲೆ. ಮನುಷ್ಯರ ಲೆಕ್ಕದಲ್ಲಿ ಸುಮಾರು 60 ವರ್ಷ. ಆಗ ಶುರು ಮಾಡಿದರೂ, ಅತಿ ಹೆಚ್ಚು ದಿನ ಬದುಕುವ ಇಲಿಗಳ ವಯಸ್ಸು ಹೆಣ್ಣುಗಳಲ್ಲಿ ಶೇಕಡಾ 14, ಗಂಡುಗಳಲ್ಲಿ ಶೇಕಡಾ 9 ಮುಂದೆ ಹೋಯಿತು. ಮೂರೂ ಕಡೆ. ಆಮೇಲೆ ಬೇರೆ ಪ್ರಯೋಗಗಳಲ್ಲೂ ಹೀಗೇ ಬಂತು. ವಯಸ್ಸಾಗುವುದು ಕಲ್ಲಿನ ಮೇಲೆ ಬರೆದದ್ದಲ್ಲ, ಅದರ ವೇಗ ಬದಲಾಗಬಹುದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಸ್ತನಿಗಳಲ್ಲಿ ಕಡಿಮೆ. ಅದಕ್ಕೂ ಮೊದಲೇ, 1993ರಲ್ಲಿ, ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನ್ ಬದಲಾದರೆ ಅದರ ಆಯಸ್ಸು ಎರಡರಷ್ಟಾಗುತ್ತದೆ ಅಂತ ತೋರಿಸಿದ್ದರು. ನಿಮ್ಮ ಅಣ್ಣನ ಉತ್ಸಾಹ ನನಗೆ ಅರ್ಥವಾಗುತ್ತದೆ. ನಾನೂ ಈ ಸುದ್ದಿಗಳನ್ನು ಹಾಗೇ ಓದುತ್ತೇನೆ.

ಆದರೆ ಆ ಇಲಿಗಳಿಗೆ ಶುಗರ್ ಇರಲಿಲ್ಲ. ಅವು ಸೋಂಕು ತಗಲದ ಚೊಕ್ಕ ಗೂಡಿನಲ್ಲಿದ್ದವು. ಹಲ್ಲು ಕೀಳಿಸಲಿಲ್ಲ, ಕಾಲಿಗೆ ಗಾಯ ಮಾಡಿಕೊಳ್ಳಲಿಲ್ಲ, ಮದುವೆ ಮನೆಗೆ ಹೋಗಿ ಜ್ವರ ಹತ್ತಿಸಿಕೊಳ್ಳಲಿಲ್ಲ. ರಾಪಾಮೈಸಿನ್ ಮನುಷ್ಯರಲ್ಲಿ ಶುಗರ್ ಏರಿಸಬಲ್ಲದು, ಕೊಲೆಸ್ಟ್ರಾಲ್ ಏರಿಸಬಲ್ಲದು, ಬಾಯಿಹುಣ್ಣು ತರುತ್ತದೆ, ಗಾಯ ಮಾಯುವುದನ್ನು ತಡ ಮಾಡುತ್ತದೆ. ಹತ್ತು ವರ್ಷದಿಂದ ಶುಗರ್ ಇರುವವರ ಕಾಲಿನ ಗಾಯ ಮೊದಲೇ ನಿಧಾನ. ವಾರಕ್ಕೊಮ್ಮೆ ಸಣ್ಣ ಡೋಸ್ ಕೊಟ್ಟರೆ ಇಷ್ಟೆಲ್ಲಾ ಆಗುವುದಿಲ್ಲ ಅಂತ ನಿಮ್ಮಣ್ಣ ಹೇಳಬಹುದು. ಸರಿ, ಹಾಗೆ ಕೊಟ್ಟು ನೋಡುವ ಅಧ್ಯಯನಗಳು ಆರೋಗ್ಯವಂತರಲ್ಲಿ ನಡೆದಿವೆ. ಆದರೆ ಮನುಷ್ಯ ಹೆಚ್ಚು ದಿನ ಬದುಕಿದ ಅಂತ ತೋರಿಸಿದ ಒಂದು ಅಧ್ಯಯನವೂ ಇಲ್ಲ. ಆಯಸ್ಸಿಗಾಗಿ ಕೋಟಿಗಟ್ಟಲೆ ಖರ್ಚು ಮಾಡುತ್ತಾರಲ್ಲ, ಅಮೆರಿಕದ ಸಿರಿವಂತ ಉದ್ಯಮಿ ಬ್ರಯನ್ ಜಾನ್ಸನ್, ಅವರು ಕೂಡ ಸುಮಾರು ಐದು ವರ್ಷ ತಗೊಂಡು, ಅಡ್ಡಪರಿಣಾಮಗಳ ಕಾರಣ ಕೊಟ್ಟು 2024ರಲ್ಲಿ ರಾಪಾಮೈಸಿನ್ ನಿಲ್ಲಿಸಿದರು. ಅಷ್ಟು ಡಾಕ್ಟರುಗಳು, ಅಷ್ಟು ರಕ್ತಪರೀಕ್ಷೆ ಇದ್ದವರ ಕಥೆ ಅದು. ದಾವಣಗೆರೆಯಲ್ಲಿ ಆನ್‌ಲೈನ್ ಚೀಟಿಯ ಮೇಲೆ ತರಿಸಿದ ಮಾತ್ರೆಯನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ?

ಎನ್‌ಎಂಎನ್ ಬಗ್ಗೆ ಇಷ್ಟು ಹೇಳಬೇಕಾಗಿಲ್ಲ. ಜೀವಕೋಶಕ್ಕೆ ಶಕ್ತಿ ತಯಾರಿಸಲು ಬೇಕಾದ ಎನ್‌ಎಡಿ ಅನ್ನುವ ವಸ್ತು ವಯಸ್ಸಾದಂತೆ ಕಡಿಮೆಯಾಗುತ್ತದೆ. ಎನ್‌ಎಂಎನ್ ತಿಂದರೆ ರಕ್ತದಲ್ಲಿ ಅದು ಏರುತ್ತದೆ. ಇಲ್ಲಿಯವರೆಗೆ ಸರಿ. ಏರಿದ್ದರಿಂದ ಮನುಷ್ಯನಿಗೆ ಏನಾಯಿತು ಅಂದರೆ ಉತ್ತರ ತೆಳು. 2021ರಲ್ಲಿ ಪ್ರಕಟವಾದ ಒಂದು ಒಳ್ಳೆಯ ಅಧ್ಯಯನದಲ್ಲಿ ಇದ್ದವರು 25 ಮಂದಿ ಹೆಂಗಸರು, ಹತ್ತು ವಾರ. ಮಾತ್ರೆ ತಗೊಂಡವರ ಸ್ನಾಯುಗಳು ಇನ್ಸುಲಿನ್ನಿಗೆ ಸ್ವಲ್ಪ ಚೆನ್ನಾಗಿ ಸ್ಪಂದಿಸಿದವು. ತೂಕ, ಬಿಪಿ ಇದ್ದ ಹಾಗೇ ಇದ್ದವು. ಅಮೆರಿಕದಲ್ಲಿ ಇಂಥ ಪೂರಕಗಳನ್ನು ಮಾರುವ ಮೊದಲು ಔಷಧಕ್ಕೆ ಮಾಡುವಂಥ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕಾಗಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಈ ದಾರಿಯಲ್ಲಿ ಮೊದಲೂ ಒಮ್ಮೆ ಜನ ಹೀಗೇ ಹೋಗಿದ್ದರು. ಕೆಂಪು ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಯೌವನದ ಗುಟ್ಟು ಅಂತ ಸುದ್ದಿಯಾಯಿತು. 2008ರಲ್ಲಿ ಗ್ಲಾಕ್ಸೋ ಕಂಪನಿ ಅದರ ಮೇಲೆ ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿಯೊಂದನ್ನು 72 ಕೋಟಿ ಡಾಲರಿಗೆ ಕೊಂಡಿತು. ಐದು ವರ್ಷದಲ್ಲಿ ಆ ಕಚೇರಿಯ ಬಾಗಿಲು ಮುಚ್ಚಿತು. ಸಾಮಾನ್ಯ ಇಲಿಗಳಲ್ಲಿ ಕೂಡ ಅದು ಆಯಸ್ಸು ಹೆಚ್ಚಿಸಲಿಲ್ಲ.

ಮೆಟ್‌ಫಾರ್ಮಿನ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ತಂದೆ ತಗೊಳ್ಳುತ್ತಿರುವ ಈ ಮಾತ್ರೆಯನ್ನೇ ಅಮೆರಿಕದಲ್ಲಿ ಶುಗರ್ ಇಲ್ಲದವರೂ ಆಯಸ್ಸಿಗೆ ಅಂತ ನುಂಗುತ್ತಿದ್ದಾರೆ. ಅವರಿಗೆ ಅದು ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ತಂದೆಗೆ ಶುಗರಿಗೆ ಬೇಕು, ಮುಂದುವರಿಸಲಿ. ಆದರೆ ಹತ್ತು ವರ್ಷ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕಡಿಮೆಯಾಗಿರುವುದು ಮಾಮೂಲು. ಸಸ್ಯಾಹಾರಿಗಳಾಗಿದ್ದರೆ ಇನ್ನೂ ಜಾಸ್ತಿ. ಬಿ12 ಕಡಿಮೆಯಾದರೆ ಪಾದ ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ, ಮರೆವು ಬರುತ್ತದೆ. ಇದನ್ನೆಲ್ಲಾ "ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತೇವೆ. ಒಂದು ರಕ್ತಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಸರಿ ಮಾಡುವುದು ಕಷ್ಟವಲ್ಲ.

ಈಗ ಊಟದ ವಿಷಯ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಅಂತ ನಿಮ್ಮ ತಂದೆ ನಿಮ್ಮ ಬಾಯಿ ಮುಚ್ಚಿಸಿರಬೇಕು. ಮೇಷ್ಟ್ರು ಬೇರೆ. ಅವರಿಗೆ ವಿಜ್ಞಾನದ ಬೆಂಬಲವೂ ಇದೆ. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ, ಹೊಟ್ಟೆ ಕಟ್ಟಿ ಬೆಳೆಸಿದ ಇಲಿಗಳು ಹೊಟ್ಟೆ ತುಂಬಾ ತಿಂದವುಗಳಿಗಿಂತ ಹೆಚ್ಚು ಕಾಲ ಬದುಕಿದವು ಅಂತ ತೋರಿಸಿದರು. ಅಲ್ಲಿಂದ ಇಲ್ಲಿವರೆಗೆ ನೂರಾರು ಪ್ರಯೋಗಗಳು ಆಗಿವೆ. ಆದರೆ ಮಂಗಗಳ ಹತ್ತಿರ ಬಂದ ಕೂಡಲೇ ಕಥೆ ತೊಡಕಾಯಿತು. ವಿಸ್ಕಾನ್ಸಿನ್ನಿನ ಮಂಗಗಳಲ್ಲಿ ಕಡಿಮೆ ತಿಂದವಕ್ಕೆ ಲಾಭವಾಯಿತು ಅಂತ 2009ರಲ್ಲಿ ವರದಿ ಬಂತು. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಮಂಗಗಳಲ್ಲಿ ಆಯಸ್ಸು ಹೆಚ್ಚಲಿಲ್ಲ ಅಂತ 2012ರಲ್ಲಿ. ಎರಡೂ ಕಡೆ ಮಂಗಗಳಿಗೆ ಕೊಟ್ಟ ಆಹಾರ ಬೇರೆ ಬೇರೆ ಇತ್ತು, ಶುರು ಮಾಡಿದ ವಯಸ್ಸೂ ಬೇರೆ.

ಮನುಷ್ಯರಲ್ಲಿ ಸರಿಯಾಗಿ ನಡೆದದ್ದು ಕ್ಯಾಲರಿ ಅನ್ನುವ ಅಧ್ಯಯನ. 218 ಜನ, ಎರಡು ವರ್ಷ. ಕಾಲು ಭಾಗ ಆಹಾರ ಕಡಿಮೆ ಮಾಡಬೇಕು ಅಂತ ಗುರಿ ಇತ್ತು. ಮಾಡಲಿಕ್ಕೆ ಆದದ್ದು ಸರಾಸರಿ ಶೇಕಡಾ 12. ಅವರ ಬಿಪಿ, ಕೊಲೆಸ್ಟ್ರಾಲ್ ಸುಧಾರಿಸಿತು. ವಯಸ್ಸಾಗುವ ವೇಗ ಅಳೆಯುವ ಒಂದು ರಕ್ತಪರೀಕ್ಷೆಯಲ್ಲಿ ಶೇಕಡಾ 2-3ರಷ್ಟು ನಿಧಾನವೂ ಕಂಡಿತು. ಸಣ್ಣದು, ಆದರೆ ನಿಜವಾದದ್ದು. ಒಂದು ವಿಷಯ ಮಾತ್ರ ನಿಮ್ಮ ತಂದೆ ಓದಿದ ಕಡೆ ಬರೆದಿರಲಿಕ್ಕಿಲ್ಲ. ಅದರಲ್ಲಿ ಸೇರಿದ್ದವರು 21ರಿಂದ 50 ವರ್ಷದ ಆರೋಗ್ಯವಂತರು. ಬೆಳೆಯುವ ವಯಸ್ಸಿಗೆ ಹಾಲು ಹೇಗೋ, 35-40ರಲ್ಲಿ ಹೊಟ್ಟೆ ಬಂದವನಿಗೆ ಒಂದು ಊಟ ಬಿಡುವುದು ಹಾಗೆ, ಒಳ್ಳೆಯದೇ ಆಗಬಹುದು. 71ಕ್ಕೆ, 62 ಕೆಜಿ ಇರುವವರಿಗೆ ಅದೇ ಔಷಧ ಉಲ್ಟಾ ಹೊಡೆಯುತ್ತದೆ. ಈ ವಯಸ್ಸಿನಲ್ಲಿ ತೂಕ ಇಳಿದರೆ ಕೊಬ್ಬು ಮಾತ್ರ ಇಳಿಯುವುದಿಲ್ಲ, ಮಾಂಸಖಂಡವೂ ಕರಗುತ್ತದೆ. ಮತ್ತೆ ತಿಂದು ತೂಕ ಬಂದರೂ, ಬರುವುದು ಹೆಚ್ಚಾಗಿ ಕೊಬ್ಬು. ಹಾಗೆ ನೋಡಿದರೆ ಆರು ತಿಂಗಳಲ್ಲಿ ತೂಕದ ಶೇಕಡಾ 5ಕ್ಕಿಂತ ಜಾಸ್ತಿ ಇಳಿದರೆ ನಾವು ಡಾಕ್ಟರುಗಳು ಕಾರಣ ಹುಡುಕಲೇಬೇಕು. ನಿಮ್ಮ ತಂದೆಗೆ 6 ದಾಟಿದೆ. ಊಟ ಬಿಟ್ಟದ್ದೇ ಕಾರಣ ಇರಬಹುದು. ಆದರೂ ಶುಗರಿನ ಮೂರು ತಿಂಗಳ ಸರಾಸರಿ, ಥೈರಾಯ್ಡ್, ಎದೆಯ ಎಕ್ಸ್‌ರೇ ಇವನ್ನೊಮ್ಮೆ ನೋಡಿಸಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೊನೆಯ ವಾಕ್ಯ. ಮತ್ತೆಲ್ಲಾ ಚೆನ್ನಾಗಿದ್ದಾರೆ, ಏಳುವಾಗ ಮಾತ್ರ ಗೋಡೆ ಹಿಡಿದುಕೊಳ್ಳಬೇಕು ಅಂದಿರಿ. ಆ "ಮಾತ್ರ" ಅನ್ನುವುದನ್ನು ನಾನು ನನ್ನ ಮನೆಯಲ್ಲೇ ಕೇಳಿದ್ದೆ.

ನನ್ನ ತಾಯಿಗೆ ಆಗ 74. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಊಟ ಚಿಕ್ಕದಾಯಿತು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ-ತಿಳಿಸಾರು, ರಾತ್ರಿ ಮಜ್ಜಿಗೆ. ನಾನು ಡಾಕ್ಟರು. ತಿಂಗಳಿಗೊಮ್ಮೆ ಬಿಪಿ ನೋಡುತ್ತಿದ್ದೆ, ಶುಗರ್ ನೋಡುತ್ತಿದ್ದೆ. ಎರಡೂ ಚೆನ್ನಾಗಿತ್ತು. ಕುರ್ಚಿಯಿಂದ ಏಳುವಾಗ ಅಮ್ಮ ಎರಡೂ ಕೈಯನ್ನು ತೊಡೆಗೆ ಊರಿ, ಒಂದು ಸಲ ಹಿಂದೆ ಮುಂದೆ ತೂಗಿ ಏಳುತ್ತಿದ್ದರು. ದಿನಾ ಕಣ್ಣೆದುರಿಗೇ ನಡೆಯುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುವುದು ಬಿಟ್ಟರು, ಹಿತ್ತಲ ಮೂರು ಮೆಟ್ಟಿಲು ಇಳಿಯುವುದು ಬಿಟ್ಟರು. ಒಂದು ದಿನ ಬೆಳಗಿನ ಜಾವ ಬಚ್ಚಲಲ್ಲಿ ಕೂತವರು ಏಳಲು ಆಗದೆ ಪಕ್ಕಕ್ಕೆ ಬಿದ್ದರು. ಸೊಂಟದ ಹತ್ತಿರ ತೊಡೆ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಎದ್ದು ಓಡಾಡಲು ಬೇಕಾದ ಬಲ ಮೊದಲೇ ಕಾಲಲ್ಲಿ ಉಳಿದಿರಲಿಲ್ಲ. ಆಮೇಲೆ ಹನ್ನೊಂದು ತಿಂಗಳು ಇದ್ದರು, ಹೆಚ್ಚಿನ ದಿನ ಮಂಚದ ಮೇಲೆ. ಅವತ್ತಿನಿಂದ ನನ್ನ ಹತ್ತಿರ ಬರುವ ಪ್ರತಿ ಹಿರಿಯರನ್ನೂ ಮೊದಲು ಕುರ್ಚಿಯಿಂದ ಎಬ್ಬಿಸಿ ನೋಡುತ್ತೇನೆ. ಬಿಪಿ ಆಮೇಲೆ.

ನೀವೂ ಮನೆಯಲ್ಲಿ ನೋಡಿ. ಕೈ ಇಲ್ಲದ, ಗಟ್ಟಿ ಕುರ್ಚಿ ಒಂದನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ತಂದೆಯವರು ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಲಿ. ನೀವು ಪಕ್ಕದಲ್ಲೇ ನಿಂತಿರಿ. ಪೂರ್ತಿ ಎದ್ದು ನಿಂತು ಮತ್ತೆ ಕೂರಬೇಕು, ಹೀಗೆ ಐದು ಸಲ. ಮೊಬೈಲಿನಲ್ಲಿ ಸೆಕೆಂಡ್ ನೋಡಿ. ಏಷ್ಯಾದ ತಜ್ಞರು ನಮ್ಮಂಥ ಜನರಿಗೆ ಇಟ್ಟಿರುವ ಗೆರೆ 12 ಸೆಕೆಂಡ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯು ಸೊರಗಿದೆ ಅಂತ ಅನುಮಾನ ಪಡಬೇಕು. ಕೈ ಬಿಟ್ಟು ಏಳುವುದಕ್ಕೇ ಆಗದಿದ್ದರೆ ಅನುಮಾನವೇ ಇಲ್ಲ. ಕೈಯ ಹಿಡಿತವೂ ಇದೇ ಕಥೆ ಹೇಳುತ್ತದೆ. 17 ದೇಶಗಳ ಸುಮಾರು 1,40,000 ಜನರ ಮುಷ್ಟಿ ಬಲ ಅಳೆದ ಪ್ಯೂರ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಹಿಡಿತದ ಬಲ ಐದು ಕೆಜಿ ಕಡಿಮೆ ಇದ್ದರೆ ಸಾವಿನ ಸಂಭವ ಶೇಕಡಾ 16 ಜಾಸ್ತಿ ಕಂಡಿತು. ಯಾರು ಬೇಗ ಹೋಗುತ್ತಾರೆ ಅಂತ ಹೇಳುವುದರಲ್ಲಿ ಮೇಲಿನ ಬಿಪಿ ಸಂಖ್ಯೆಗಿಂತ ಇದು ಚೆನ್ನಾಗಿ ಹೊಂದಿತು.

ಈ ವಯಸ್ಸಿಗೆ ಇನ್ನೇನು ಬಲ ಬರುತ್ತೆ ಅಂತ ನಿಮ್ಮ ತಂದೆ ಕೇಳಬಹುದು. ಅವರಿಗೆ ಬಾಸ್ಟನ್ ವೃದ್ಧಾಶ್ರಮದ ಕಥೆ ಹೇಳಿ. 1990ರಲ್ಲಿ ಮರಿಯಾ ಫಿಯಾಟರೋನ್ ಅನ್ನುವ ಡಾಕ್ಟರ್ ಅಲ್ಲಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಆ ಹತ್ತು ಜನರ ಸರಾಸರಿ ವಯಸ್ಸು 90. ಒಬ್ಬರಿಗೆ ಮಧ್ಯದಲ್ಲಿ ಬಿಡಬೇಕಾಯಿತು. ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡಾ 174 ಏರಿತು. ಇಬ್ಬರು ಕೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದ ಮೂವರಲ್ಲಿ ಒಬ್ಬರು ಎದ್ದರು. ಎಂಟು ವಾರದಲ್ಲಿ ಮನುಷ್ಯರಿಗೆ ಇಷ್ಟು ಕೊಡುವ ಮಾತ್ರೆ ಯಾವ ಡಬ್ಬಿಯಲ್ಲೂ ಇಲ್ಲ. ಮುಂದೆ ಎಂದಾದರೂ ಬಂದೀತು, ಬರಲಿ ಅಂತ ನಾನೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಕಾಲು ಉಳಿಸಿಕೊಂಡವರಿಗೇ ಆ ಮಾತ್ರೆಯಿಂದ ಲಾಭ.

ವಾಕಿಂಗ್ ಮಾಡುತ್ತಾರಲ್ಲ, ಸಾಲದಾ? ಎಲ್ಲರೂ ಕೇಳುವ ಪ್ರಶ್ನೆ. ವಾಕಿಂಗ್ ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಒಳ್ಳೆಯದು. ಬಿಡಬಾರದು. ಆದರೆ ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗ ತೊಡೆಗೆ ಹೊಸ ಭಾರ ಏನೂ ಬೀಳುವುದಿಲ್ಲ. ಭಾರ ಬೀಳದ ಸ್ನಾಯು ಬೆಳೆಯುವುದಿಲ್ಲ. ಆದ್ದರಿಂದ ಆ ಕುರ್ಚಿಯೇ ಜಿಮ್. ಎತ್ತರ ಸಾಲದಿದ್ದರೆ ರಗ್ಗು ಮಡಚಿ ಹಾಕಿ, ಕೈ ಬಿಟ್ಟು ಏಳಲಾಗುವಷ್ಟು ಎತ್ತರ ಮಾಡಿ. ಎಂಟು ಸಲ ಎದ್ದು ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ಎಂಟು ಸಲ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಏಳುವಾಗ ಒಂದು, ಎರಡು ಅಂತ ಬಾಯಿಬಿಟ್ಟು ಎಣಿಸಲಿ. ಉಸಿರು ಹಿಡಿದರೆ ಬಿಪಿ ಏರುತ್ತದೆ, ಎಣಿಸುವವರು ಉಸಿರು ಹಿಡಿಯಲು ಆಗುವುದಿಲ್ಲ. ಕೂರುವಾಗ ದೊಪ್ಪೆಂದು ಬೀಳಬಾರದು, ನಿಧಾನವಾಗಿ ಇಳಿಯಬೇಕು. ಆ ಇಳಿಯುವುದರಲ್ಲೂ ಬಲ ಬರುತ್ತದೆ. ಎರಡು ವಾರಕ್ಕೊಮ್ಮೆ ರಗ್ಗಿನ ಒಂದು ಮಡಿಕೆ ತೆಗೆಯಿರಿ. ಬರೀ ಕುರ್ಚಿ ಸಲೀಸಾದ ಮೇಲೆ ಎರಡು ಕೆಜಿ ರಾಗಿ ಚೀಲ ಎದೆಗೆ ಅಪ್ಪಿಕೊಂಡು ಏಳಲಿ. ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಇಳಿಯುವುದನ್ನೂ ಸೇರಿಸಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಶುರು ಮಾಡುವ ಮೊದಲು ಕೂತಾಗಿನ ಬಿಪಿ, ಎದ್ದು ಎರಡು ನಿಮಿಷ ನಿಂತ ಮೇಲಿನ ಬಿಪಿ ಎರಡನ್ನೂ ನೋಡಿಸಿ. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬಿಪಿ ಮಾತ್ರೆಯ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ.

ಸ್ನಾಯು ಕಟ್ಟಲು ಇಟ್ಟಿಗೆ ಬೇಕಲ್ಲ, ಅದು ಪ್ರೋಟೀನ್. ನೀವು ಬರೆದ ಹಾಗೆ ರಾತ್ರಿ ಹಾಲು-ಬಿಸ್ಕತ್ತು, ಮಧ್ಯಾಹ್ನ ನಮ್ಮ ಕಡೆಯ ಮಾಮೂಲು ಊಟ ಅಂದುಕೊಂಡರೆ, ದಿನಕ್ಕೆ 35 ಗ್ರಾಂ ದಾಟುವುದು ಕಷ್ಟ. ಅವರ ತೂಕಕ್ಕೆ 60ರಿಂದ 70 ಗ್ರಾಂ ಬೇಕು. ಪುಡಿ ಡಬ್ಬ ತರಬೇಕಾಗಿಲ್ಲ. ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಶೇಂಗಾದಲ್ಲಿ 7, ನೂರು ಗ್ರಾಂ ಪನೀರಿನಲ್ಲಿ 18ರ ಹತ್ತಿರ. ತಿಳಿಸಾರಿನಲ್ಲಿ ಬೇಳೆ ಇರುವುದಿಲ್ಲ, ಬೇಳೆಯ ಬಣ್ಣ ಇರುತ್ತದೆ. ಅದರ ಬದಲು ಗಟ್ಟಿ ಬೇಳೆ, ಹುರುಳಿ, ಅಲಸಂದೆ, ಮೊಳಕೆ ಹೆಸರುಕಾಳಿನ ಪಲ್ಯ ತಟ್ಟೆಗೆ ಬರಲಿ. ದಾವಣಗೆರೆಯಲ್ಲಿ ರೊಟ್ಟಿ ಜೊತೆ ಕಾಳುಪಲ್ಯ ಇಲ್ಲದ ಮನೆ ಯಾವುದು! ರಾತ್ರಿ ಬೇಗ, ಏಳು ಗಂಟೆಗೆಲ್ಲಾ ಒಂದು ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಮೊಸರು. ಹೊಟ್ಟೆ ಭಾರ ಅನ್ನಿಸುವುದಿಲ್ಲ. ಒಂದು ಎಚ್ಚರಿಕೆ: ಹತ್ತು ವರ್ಷದ ಶುಗರ್, ಬಿಪಿ ಇರುವುದರಿಂದ ಮೊದಲು ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಈ ಲೆಕ್ಕ ಬದಲಾಗುತ್ತದೆ.

ಇನ್ನೊಂದು ಮಾತು ನಿಮ್ಮ ಅಣ್ಣನಿಗೆ. ಈ ವಿಜ್ಞಾನ ಎಲ್ಲೋ ಅಮೆರಿಕದಲ್ಲಿ ಮಾತ್ರ ನಡೆಯುತ್ತಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ, 45 ದಾಟಿದ ಸಾವಿರಾರು ಜನರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ. ನೆನಪು, ರಕ್ತ, ಮೆದುಳಿನ ಸ್ಕ್ಯಾನ್ ಎಲ್ಲಾ ನೋಡುತ್ತಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅವರದು. ಬೆಂಗಳೂರಿನ ಹಿರಿಯರ ಮೇಲೂ ಇಂಥದ್ದೇ ಇನ್ನೊಂದು ಅಧ್ಯಯನ ಇದೆ. ವಯಸ್ಸಿನ ಬಗ್ಗೆ ನಮಗಿರುವ ಅಂಕಿಅಂಶ ಬಹುಪಾಲು ಬಿಳಿಯರದು. ರೊಟ್ಟಿ, ಮುದ್ದೆ ತಿಂದು, ಬಿಸಿಲಲ್ಲಿ ದುಡಿದು, ಸ್ಕೂಲಿನ ಮುಖವನ್ನೇ ನೋಡದೆ ಬದುಕಿದವರ ದೇಹ ಹೇಗೆ ಮಾಗುತ್ತದೆ ಅಂತ ತಿಳಿಯುವುದು ಈ ಹಳ್ಳಿಯವರಿಂದಲೇ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32. ಈಗ ಸುಮಾರು 70. ಆ ವರ್ಷಗಳನ್ನು ಕೊಟ್ಟದ್ದು ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ, ಆಂಟಿಬಯಾಟಿಕ್. ಸಿಕ್ಕ ವರ್ಷಗಳನ್ನು ಕಾಲ ಮೇಲೆ ನಿಂತು ಕಳೆಯುವುದು ಹೇಗೆ ಅನ್ನುವ ಪ್ರಶ್ನೆಗೆ ಶ್ರೀನಿವಾಸಪುರದ ಅಜ್ಜ-ಅಜ್ಜಿಯರು ರಕ್ತ ಕೊಟ್ಟು ಉತ್ತರ ಹುಡುಕಿಸುತ್ತಿದ್ದಾರೆ.

ಎರಡು ಡಬ್ಬಿ ಕಳಿಸಿದ್ದು ಅಣ್ಣನ ಪ್ರೀತಿ. ಅಷ್ಟು ದೂರ ಕೂತವರಿಗೆ ಅಪ್ಪನಿಗಾಗಿ ಏನಾದರೂ ಮಾಡಬೇಕು ಅನ್ನಿಸುವುದು ಸಹಜ, ಅಲ್ವಾ? ಅವರಿಗೆ ಬೇರೆ ಕೆಲಸ ಕೊಡಿ. ಮುಂದಿನ ಡಬ್ಬಿಯ ದುಡ್ಡಿನಲ್ಲಿ ಬಚ್ಚಲ ಗೋಡೆಗೆ ಸ್ಟೀಲ್ ಹಿಡಿ ಹಾಕಿಸಲಿ, ಜಾರದ ಮ್ಯಾಟ್ ತರಿಸಲಿ. ಮತ್ತೆ ವಾರಕ್ಕೆ ಮೂರು ದಿನ, ಇಲ್ಲಿ ಸಂಜೆ ಆರೂವರೆ ಆದಾಗ ಅಲ್ಲಿ ಬೆಳಿಗ್ಗೆ. ವಿಡಿಯೋ ಕಾಲ್ ಹಚ್ಚಿ ಮೊಬೈಲನ್ನು ಕುರ್ಚಿಯ ಎದುರಿಗಿಡಿ. ಮೇಷ್ಟ್ರು ಏಳಲಿ, ಮಗ ಅಲ್ಲಿಂದ ಎಣಿಸಲಿ.